ಕಾಲು ಮಾತ್ರ ಸಾಕಂತೆ

ಶನಿವಾರದ ಸಂತೆಗೆ ಬೆಳಗಿನ ಐದಕ್ಕೇ
ಕೈಗಾಡಿಯಲ್ಲಿ ಮೂರು ಹೊಲಿಗೆ ಯಂತ್ರ ಹೇರಿಕೊಂಡು
(ಎರಡಕ್ಕೆ ತಲೆ ಮಾತ್ರ, ಒಂದಕ್ಕೆ ಕಾಲೂ ಉಂಟು)
ಪೋರ್ತೊ ಊರಿನ ಕಲ್ಲುಹಾಸಿನ ಇಳಿಜಾರು ಇಳಿಯುತ್ತೇನೆ.
ನನ್ನ ಹಿಮ್ಮಡಿಯೇ ಬ್ರೇಕು.
ಮೂವತ್ತೊಂದು ವರ್ಷ ಇದೇ ದಾರಿಯಲ್ಲಿ ಬಸ್ಸು ಓಡಿಸಿದವನಿಗೆ
ಭಾರ ಹೇಗೆ ಮುಂದಕ್ಕೆಳೆಯುತ್ತದೆಂದು
ಯಾರೂ ಹೇಳಿಕೊಡಬೇಕಿಲ್ಲ.

ಮನೆಯಲ್ಲಿ ಇನ್ನೂ ಹದಿನಾಲ್ಕಿವೆ.
ಮಂಚದ ಕೆಳಗೆ ನಾಲ್ಕು, ಮೆಟ್ಟಿಲಿಗೊಂದರಂತೆ ಆರು,
ಸ್ನಾನದ ತೊಟ್ಟಿಯಲ್ಲೊಂದು, ಸೀಮೆಎಣ್ಣೆಯಲ್ಲಿ ನೆನೆಯುತ್ತ.
ಮಿಕ್ಕ ಮೂರು ಎಲ್ಲಿವೆಯೆಂದು
ದೆಯೊಲಿಂಡಾಗೆ ಹೇಳಿಲ್ಲ.
‘ಒಂದು ಗುಂಡಿ ಹಾಕಲು ಬಾರದ ಗಂಡಸು’ ಅನ್ನುತ್ತಾಳೆ,
ನೆರೆಯವರಿಗೂ ಕೇಳಿಸುವ ಹಾಗೆ.
ನಿಜವೇ. ನನಗೆ ಹೊಲಿಯಲು ಬರುವುದಿಲ್ಲ.
ನಿಂತುಹೋದದ್ದನ್ನು ನಡೆಸಲು ಬರುತ್ತದೆ, ಅಷ್ಟೆ.

ಈ ಕಾಲಿನ ಓಲಿವಾ ಸಿಕ್ಕಿದ್ದು ಒಂದು ಗ್ಯಾರೇಜಿನಲ್ಲಿ,
ಒಣಗಿದ ಬಣ್ಣದ ಡಬ್ಬಗಳ ಅಡಿಯಲ್ಲಿ.
ಹೊಲಿಯುತ್ತಿದ್ದಾಕೆಯ ಮೊಮ್ಮಗ
‘ಎತ್ತಿಕೊಂಡು ಹೋದರೆ ಸಾಕು’ ಅಂದ.
ಚಕ್ರ ಕಚ್ಚಿಕೊಂಡು ಕೂತಿತ್ತು, ಹಟ ಹಿಡಿದ ಕತ್ತೆ.
ಬಡಿಯಬಾರದು.
ಕೀಲುಕೀಲಿಗೂ ಎರಡೆರಡು ತೊಟ್ಟು ಎಣ್ಣೆ,
ದೆಯೊಲಿಂಡಾಳ ಹೇರ್ ಡ್ರೈಯರಿನ ಬಿಸಿಗಾಳಿ,
ಒಂದು ರಾತ್ರಿ. ಮತ್ತೆ ಎಣ್ಣೆ. ಮತ್ತೊಂದು ರಾತ್ರಿ.
ಒಂಬತ್ತನೆಯ ದಿನ ಕಾಫಿ ಹಿಡಿದು ಬಂದವನು
ಸುಮ್ಮನೆ ಮುಟ್ಟಿದ್ದಕ್ಕೆ
ಕೂದಲೆಳೆಯಷ್ಟು ಮಿಸುಕಿತು.
ಕಾಫಿ ಆರಿದ್ದು ತಿಳಿಯಲಿಲ್ಲ.

ಬಟ್ಟೆ ತಳ್ಳುವ ಹಲ್ಲುಗಳ ಸಂದಿಯಿಂದ
ಕಡ್ಡಿಯಲ್ಲಿ ಕೆದಕಿ ತೆಗೆದೆ ನೂಲಿನ ಧೂಳು,
ಒತ್ತಿ ಒತ್ತಿ ಕಂಬಳಿಯಾದದ್ದು, ಪದರ ಪದರ:
ತಳದಲ್ಲಿ ಬಿಳಿ,
ಅದರ ಮೇಲೆ ತೆಳ್ಳಗೆ ಸೈನಿಕರ ಮಾಸಲು ಹಸಿರು
(ಆ ಹಸಿರು ನನಗೆ ಗೊತ್ತು,
ಎರಡು ವರ್ಷ ಗಿನಿಯಲ್ಲಿ ಅದನ್ನೇ ತೊಟ್ಟಿದ್ದೆ),
ಆಮೇಲೆ ಕಪ್ಪು.
ಆಮೇಲೂ ಕಪ್ಪು.
ಬಾಬಿನ್ನಿನಲ್ಲಿ ಉಳಿದ ಅರ್ಧ ಸುತ್ತೂ ಕಪ್ಪೇ.
ಅದನ್ನು ಬಿಚ್ಚಲು ಹೋಗಲಿಲ್ಲ.
ಬಂಗಾರದ ಬಳ್ಳಿಯ ಚಿತ್ತಾರಕ್ಕೂ ಮರುಬಣ್ಣ ಹಚ್ಚಲಿಲ್ಲ,
ಅಂಗೈ ಸವೆಸಿದ ಜಾಗ ಸವೆದೇ ಇರಲಿ.

ಸಂತೆಯಲ್ಲಿ ಮೊದಲು ಬಂದವನು ಹೋಟೆಲಿನವನು.
ನೂರಿಪ್ಪತ್ತು ಯೂರೋ, ಚೌಕಾಸಿಯಿಲ್ಲ.
‘ಕಾಲು ಮಾತ್ರ ಸಾಕು ತಾತ, ತಲೆ ನೀವೇ ಇಟ್ಟುಕೊಳ್ಳಿ.’
ಮೇಲೊಂದು ಅಮೃತಶಿಲೆಯ ಹಲಗೆ ಹೊದಿಸಿದರೆ ಮೇಜಂತೆ,
ಪ್ರವಾಸಿಗಳು ಪೆಡಲಿನ ಮೇಲೆ ಪಾದವಿಟ್ಟು
ಫೋಟೋ ತೆಗೆಸಿಕೊಳ್ಳುತ್ತಾರಂತೆ.
ಮಾರಾಟವಾಗಿದೆ ಅಂದೆ. ಸುಳ್ಳು.

ಹತ್ತರ ಹೊತ್ತಿಗೆ ಸಾತು ಎಂಬಾಕೆ ಬಂದಳು.
ಬಳ್ಳಿಯನ್ನು ನೋಡಲಿಲ್ಲ, ಬೆಲೆ ಕೇಳಲಿಲ್ಲ.
ಬಗ್ಗಿ, ಕಿವಿ ತಾಗಿಸಿ, ಚಕ್ರ ತಿರುಗಿಸಿದಳು,
ವೈದ್ಯರು ಎದೆಗೆ ಕಿವಿಗೊಟ್ಟ ಹಾಗೆ.
ಚೀಲದಿಂದ ಒಂದು ತುಂಡು ಬಟ್ಟೆ ತೆಗೆದು
ಹಾಕಿದಳು ನೋಡಿ ಟಾಕು, ಗೆರೆ ಎಳೆದಂತೆ,
ಕೆಳಗಿನ ದಾರ ಆ ಕಪ್ಪೇ.
ಎರಡೂ ಕೈಯಿಂದ ಜಗ್ಗಿ ನೋಡಿ
‘ಇನ್ನೂ ಗಟ್ಟಿ ಇದೆ’ ಅಂದಳು.
ಯಾವ ಊರಮ್ಮ ಅಂದೆ.
‘ಬಫಾತಾ, ಗಿನಿಯಲ್ಲಿ. ನಿಮಗೆ ಗೊತ್ತಿರಲಾರದು.’

ಗೊತ್ತು. ಅಲ್ಲಿಯ ಹೊಳೆಯ ಬಾಗು ಗೊತ್ತು,
ನಾವು ಯಾವ ಬೀದಿಯಿಂದ ಒಳಹೊಕ್ಕೆವೆಂದೂ ಗೊತ್ತು.
‘ಇಲ್ಲ’ ಅಂದೆ.
ಆ ಬೆಳಗಿನ ಎರಡನೆಯ ಸುಳ್ಳು.

ಐವತ್ತೈದಕ್ಕೆ ಕೊಟ್ಟೆ.
ಸೀಮೆಎಣ್ಣೆಯ ಖರ್ಚೂ ಹುಟ್ಟಲಿಲ್ಲವೆಂದು
ದೆಯೊಲಿಂಡಾ ಲೆಕ್ಕ ಹಾಕುತ್ತಾಳೆ, ಹಾಕಲಿ.
ಒಂದು ಕಡೆ ಅವಳು, ಒಂದು ಕಡೆ ನಾನು,
ಎತ್ತಿ ಬಸ್ಸಿನ ಮೆಟ್ಟಿಲೇರಿಸಿದೆವು.
ಡ್ರೈವರ್ ಗೊಣಗಿದ.
ನಾನಾಗಿದ್ದರೂ ಗೊಣಗುತ್ತಿದ್ದೆ.